ನೀರುಕೋಳಿಯ ಒಂದೇ ಮೊಟ್ಟೆ

ಕೆರೆಯ ದಂಡೆಗೆ ಬಂದು ಕೂತ ಡೇಟಾ ಸೆಂಟರು ಒಂದು ದಿನ ನೀರುಕೋಳಿಯನ್ನು ಕರೆದು ಕೇಳಿತು: "ಏನಮ್ಮಾ, ನಾನು ಬಂದ ಮೇಲೆ ಈ ಊರು ಎಷ್ಟು ಏಳಿಗೆ ಕಂಡಿದೆ. ಆರು ಮೊಟ್ಟೆ ಇಡುತ್ತಿದ್ದ ನೀನು ಮಾತ್ರ ಈಗ ಒಂದಕ್ಕೇ ನಿಲ್ಲಿಸಿದ್ದೀಯಂತೆ. ನಾಳೆ ನನ್ನ ಪೈಪಿನ ಪಾಚಿ ತೆಗೆಯಲು ಮರಿಗಳು ಬೇಡವೆ?"

ಇಷ್ಟು ದಿನ ಮುಖ ಕೊಟ್ಟು ಮಾತಾಡದವರು ಇವತ್ತು ಮೊಟ್ಟೆಯ ವಿಚಾರ ಎತ್ತಿದ್ದು ನೀರುಕೋಳಿಗೆ ಸರಿಕಾಣಲಿಲ್ಲ. ಮೊಟ್ಟೆಯ ಯೋಗಕ್ಷೇಮ ಮೊದಲು ವಿಚಾರಿಸುವುದು ಹಾವು ಎಂದು ಅಜ್ಜಿ ಹೇಳುತ್ತಿದ್ದದ್ದು ನೆನಪಾಯಿತು.

"ಎಲ್ಲ ಬಲ್ಲವರು ತಾವು. ಕಾರಣ ತಮಗೇ ಗೊತ್ತಿರಬೇಕಲ್ಲ, ಸ್ವಾಮಿ," ಎಂದಿತು.

"ಯೋಚಿಸಿ ಹೇಳುತ್ತೇನೆ," ಎಂದಿತು ಡೇಟಾ ಸೆಂಟರು.

ಯೋಚಿಸಿದರೆ ಅದರ ಮೈ ಕಾಯುತ್ತದೆ. ಮೈ ಕಾದರೆ ನೀರು ಬೇಕು. ಪೈಪು ಗಟಗಟನೆ ಕೆರೆಯನ್ನು ಹೀರಿತು. ಜೊಂಡಿನ ನಡುವೆ ತೇಲುತ್ತಿದ್ದ ಗೂಡು ನೋಡನೋಡುತ್ತಿದ್ದಂತೆ ಕೆಸರಿಗೆ ತಗುಲಿತು. ದಡದಲ್ಲಿ ಮಲಗಿದ್ದ ನಾಯಿ ಎದ್ದು ನಿಂತಿತು.

"ಕಾರಣ ಇನ್ನೂ ಸಿಕ್ಕಿಲ್ಲ," ಎಂದಿತು ಡೇಟಾ ಸೆಂಟರು. "ಇನ್ನಷ್ಟು ಯೋಚಿಸಬೇಕು."

ನೀರುಕೋಳಿ ಮೊಟ್ಟೆಯ ಮೇಲೆ ರೆಕ್ಕೆ ಹರಡಿ, ನಾಯಿಯ ಮೇಲಿಟ್ಟ ಕಣ್ಣು ತೆಗೆಯದೆ ಹೇಳಿತು: "ಯೋಚನೆ ನಿಲ್ಲಿಸಿ, ಸ್ವಾಮಿ. ಇರುವ ಒಂದಾದರೂ ಮರಿಯಾಗಲಿ."