ಪೂರ್ವಪಕ್ಷ ಮುಗಿಯುವ ಮುಂಚೆ

"ನ್ಯಾಯ ಕಲಿಸುವ ಮನೆಯಲ್ಲೇ ಅನ್ಯಾಯ ನಡೆದರೆ, ಕಲಿಸುವವರು ಏನು ಮಾಡಬೇಕು ಗುರುಗಳೇ?"

ಕೇಳಿದವನು ಮುರಿಗೆಪ್ಪ, ಕಾನೂನು ಕಾಲೇಜಿನ ಮೇಷ್ಟ್ರು. ಜೊತೆಯ ಅಧ್ಯಾಪಕಿಯೊಬ್ಬರನ್ನು ಆಡಳಿತ ಮಂಡಳಿ ವಿಚಾರಣೆಯಿಲ್ಲದೆ ತೆಗೆದುಹಾಕಲು ಹೊರಟಿತ್ತು. ಸಂಜೆಯ ಸಭೆಯಲ್ಲಿ ಅಧ್ಯಾಪಕರೆಲ್ಲ ಒಟ್ಟಾಗಿ ಇದು ಬೇಡವೆಂದರೆ ಮಾತ್ರ ಆಕೆ ಉಳಿಯುವಂತಿತ್ತು, ಬೇರೆ ದಾರಿಯೇ ಇರಲಿಲ್ಲ. ಮುರಿಗೆಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಂಡಳಿಗೂ ಇಕ್ಕಟ್ಟುಗಳಿವೆ, ಮೇಲಿನಿಂದ ಒತ್ತಡವಿದೆ, ಕಾಲೇಜಿನ ಮಾನ್ಯತೆಯೇ ಹೋಗಬಹುದು ಎಂದು ಒಂದೊಂದನ್ನೂ ಬಿಡಿಸಿ ಹೇಳಿದ. ಗುರುಗಳು ಎಲ್ಲವನ್ನೂ ಕೇಳಿ, ಒಂದು ಕತೆ ಹೇಳಿದರು.

ಒಬ್ಬ ರಾಜನ ಊರಿನಲ್ಲಿ, ನ್ಯಾಯ ತೀರ್ಮಾನಿಸುವವರನ್ನು ತಯಾರು ಮಾಡುವ ಪಾಠಶಾಲೆಯಿತ್ತು. ಅಲ್ಲಿಯ ನಿಯಮ ಒಂದೇ. ಯಾರ ಮಾತನ್ನು ಖಂಡಿಸಬೇಕೋ ಅವರ ವಾದವನ್ನು ಮೊದಲು ಅವರಿಗಿಂತ ಚೆನ್ನಾಗಿ ಮಂಡಿಸಬೇಕು. ಅದು ಪೂರ್ವಪಕ್ಷ. ತಮ್ಮ ತೀರ್ಮಾನ, ಅಂದರೆ ಸಿದ್ಧಾಂತ, ಆಮೇಲೆ.

ಯಾರನ್ನೂ ವಿಚಾರಿಸದೆ ದಂಡಿಸಬಾರದು ಎಂದು ಅಲ್ಲಿಯ ಪಂಡಿತನೊಬ್ಬ ಪಾಠ ಹೇಳಿದ. ರಾಜನಿಗೆ ಅದು ಹಿಡಿಸಲಿಲ್ಲ. ಸೂರ್ಯ ಮುಳುಗುವುದರೊಳಗೆ ಅವನು ಗಡೀಪಾರಾಗಬೇಕು, ಆಕ್ಷೇಪವಿದ್ದರೆ ಅಷ್ಟರೊಳಗೆ ಪಾಠಶಾಲೆ ತಿಳಿಸಬೇಕು ಎಂದು ದೂತನನ್ನು ಕಳಿಸಿದ.

ಪಂಡಿತರೆಲ್ಲ ಸೇರಿದರು. ಆಜ್ಞೆ ತಪ್ಪೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆದರೂ ನಿಯಮ ನಿಯಮವೇ. ಹಿರಿಯರು ರಾಜನ ಪರವಾಗಿ ಪೂರ್ವಪಕ್ಷ ತೆಗೆದರು. ಅದು ಸಾಲದೆನಿಸಿ ಇನ್ನೊಬ್ಬರು ಗಟ್ಟಿ ಮಾಡಿದರು. ಮತ್ತೊಬ್ಬರು ಶಾಸ್ತ್ರದ ಆಧಾರ ಹುಡುಕಿ ಕೊಟ್ಟರು. ಗಂಟು ಕಟ್ಟಿಕೊಂಡು ಕುಳಿತಿದ್ದ ಆ ಪಂಡಿತನಿಗೆ ಬಾಗಿಲ ಕಡೆಗೇ ಕಣ್ಣು. ಆದರೂ ಅಭ್ಯಾಸಬಲ, ಅವನೂ ಒಂದು ಕಡೆ ತರ್ಕ ತಿದ್ದಿದ. ಹೊತ್ತು ಇಳಿಯಿತು. ದೂತ ಒಳಗೆ ಇಣುಕಿ, ಹಾಗಾದರೆ ಒಪ್ಪಿಗೆಯೇ ಎಂದು ಕೇಳಿದ. ಹಿರಿಯರಿಗೆ ಸಿಟ್ಟು ಬಂತು.

"ಇದು ಪೂರ್ವಪಕ್ಷವಯ್ಯಾ. ಸಿದ್ಧಾಂತ ನಾಳೆ."

"ನಮ್ಮ ದೊರೆಗೇ ಇಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ, ಸ್ವಾಮಿ. ಅವರು 'ಹೊರಡಲಿ' ಅಂದಿದ್ದರು, ಅಷ್ಟೇ."

ದೂತ ಪಂಡಿತನ ತೋಳು ಹಿಡಿದ. ಇಬ್ಬರೂ ಹೊರಟುಹೋದರು. ಮರುದಿನ ಪಂಡಿತರು ಸಿದ್ಧಾಂತ ಹೇಳಿದರು. ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಮುಂದೆ ಬಂದ ವಿದ್ಯಾರ್ಥಿಗಳೆಲ್ಲ ಅದನ್ನು ಬಾಯಿಪಾಠ ಮಾಡಿದರು.

ಕತೆ ಮುಗಿಯಿತು. ಮುರಿಗೆಪ್ಪನಿಗೆ ಸಮಾಧಾನವಾಗಲಿಲ್ಲ. ಎದುರು ಪಕ್ಷದ ಮಾತನ್ನೂ ಕೇಳದಿದ್ದರೆ ನಮಗೂ ಅವರಿಗೂ ಏನು ವ್ಯತ್ಯಾಸ, ಸಂಜೆ ನಾನು ಎರಡೂ ಕಡೆ ತೂಗಿಯೇ ಮಾತಾಡುತ್ತೇನೆ ಎಂದ. ಮಂಡಳಿಯ ಇಕ್ಕಟ್ಟುಗಳನ್ನು ಮತ್ತೆ ಮೊದಲಿನಿಂದ ಹೇಳತೊಡಗಿದ.

ಗುರುಗಳು ಅವನ ಮುಖ ನೋಡಿ ಕೇಳಿದರು:

"ಇಷ್ಟು ಹೊತ್ತು ಮಾತಾಡಿದೆಯಲ್ಲ ಮುರಿಗೆಪ್ಪಾ, ಆಕೆಯ ಹೆಸರೇನು?"