ನಾಲ್ಕು ದಿನದ ಚಂದ್ರ

“ಗುರುಗಳೇ, ಇಲಿಗಳನ್ನು ಗುಣಪಡಿಸಿದ ಮದ್ದು ನನ್ನನ್ನೂ ಗುಣಪಡಿಸುತ್ತದೆಯೇ?” ಎಂದು ಶಿಷ್ಯೆ ವಾರಿಜ ಕೇಳಿದಳು.

ಅವಳ ಅಂಡಾಶಯದಲ್ಲಿ ನೀರುಗುಳ್ಳೆಗಳಿವೆ, ಇದು ಪಿಸಿಒಎಸ್ ಎಂದು ಡಾಕ್ಟರು ಹೇಳಿದ್ದರು. ಐದು ತಿಂಗಳಿಂದ ಮುಟ್ಟಾಗಿರಲಿಲ್ಲ. ಮಗು ಬೇಕೆಂಬ ಆಸೆ ಇತ್ತು. ಈಗ ಕೈಯಲ್ಲಿ ಒಂದು ಪುಡಿಯ ಪೊಟ್ಟಣ. ‘ಇಲಿಗಳಲ್ಲಿ ಋತುಚಕ್ರ ಮರಳಿದೆ’ ಎಂದು ಅದರ ಮೇಲೆ ಅಚ್ಚಾಗಿತ್ತು. ಡಾಕ್ಟರ ಮಾತ್ರೆ ಬಿಟ್ಟು ಇದನ್ನೇ ಹಿಡಿಯುವ ಮನಸ್ಸು ಅವಳದು.

ಗುರು ಚಹಾದಂಗಡಿಯ ಬೆಂಚಿನ ಮೇಲೆ ಕಾಲು ಮಡಚಿ ಕೂತರು. “ಲೋಕದ ಇಲಿಗಳಿಗೆಲ್ಲ ಮದ್ದು ಕಂಡುಹಿಡಿದವನು ನಾನೇ” ಎಂದರು. ಒಂದು ಗುಟುಕು ಕುಡಿದು, “ಸುಳ್ಳು. ಇಲಿ ಕಂಡರೆ ನಾನು ಮಂಚ ಹತ್ತುತ್ತೇನೆ. ಆದರೆ ಈ ಕತೆ ಕೇಳು. ಇದರಲ್ಲಿ ಅರ್ಧ ನಿಜ. ಯಾವ ಅರ್ಧ ಅಂತ ನನಗೇ ಮರೆತಿದೆ” ಎಂದರು.

ಒಬ್ಬ ಸಂಶೋಧಕಿ ಇಲಿಗಳನ್ನು ಸಾಕಿದ್ದಳು. ಹೆಣ್ಣಿಲಿಯ ಋತುಚಕ್ರ ನಾಲ್ಕೈದು ದಿನದ್ದು. ಅವುಗಳ ಆಕಾಶದಲ್ಲಿ ಚಂದ್ರ ನಾಲ್ಕೇ ದಿನಕ್ಕೆ ಬೆಳೆದು ಕರಗುತ್ತಾನೆ ಅಂದುಕೋ. ಇಲಿಗೆ ಈ ರೋಗ ತಾನಾಗಿ ಬರುವುದಿಲ್ಲ. ಆದ್ದರಿಂದ ಅವಳೇ ಮೂರು ವಾರ ರೋಗ ಬರಿಸುವ ಒಂದು ಮಾತ್ರೆ ಅರೆದು ಕುಡಿಸಿದಳು. ಚಂದ್ರ ನಿಂತುಬಿಟ್ಟ. ಆಮೇಲೆ ಮಾತ್ರೆ ನಿಲ್ಲಿಸಿ, ಒಂದು ಗೂಡಿಗೆ ಬೇರಿನ ಕಷಾಯ ಕೊಟ್ಟಳು, ಇನ್ನೊಂದಕ್ಕೆ ಬರೀ ನೀರು. ಕಷಾಯದ ಗೂಡನ್ನು ದಿನವೂ ಪರೀಕ್ಷಿಸಿದಳು. ನೀರಿನ ಗೂಡನ್ನು, ನೀರು ತಾನೇ ಎಂದು, ನೋಡಲಿಲ್ಲ. ಹತ್ತನೆಯ ದಿನ ಕಷಾಯದ ಗೂಡಿನಲ್ಲಿ ಚಂದ್ರ ಅಲುಗಿದ.

ಒಬ್ಬ ವರ್ತಕ ಓಡಿ ಬಂದ. “ಗುಣವಾಯ್ತಲ್ಲಮ್ಮ, ಇನ್ನೇನು ತಡ? ಪುಡಿ ಮಾಡಿಸಿಬಿಡೋಣ.”

“ಮಾಡಿಸಿ” ಎಂದಳು ಸಂಶೋಧಕಿ.

ಆ ಮಧ್ಯಾಹ್ನ ಗೂಡುಗಳ ನಡುವೆ ಕೂತಲ್ಲೇ ಅವಳಿಗೆ ಜೊಂಪು ಹತ್ತಿತು. ಕನಸಿನಲ್ಲಿ ಕೋಣೆಯ ಗೋಡೆಗಳು ಹತ್ತಿಯಂತೆ ಹಗುರಾಗಿದ್ದವು. ಪ್ರತಿ ಇಲಿಯ ನೆತ್ತಿಯ ಮೇಲೂ ಕಾಳಿನಷ್ಟು ಚಂದ್ರ. ನೀರಿನ ಗೂಡಿನ ಇಲಿಯೊಂದು ಮೀಸೆ ಒರೆಸಿಕೊಳ್ಳುತ್ತ ಹೇಳಿತು: “ಅಕ್ಕಾ, ನಮ್ಮ ಚಂದ್ರನೂ ನಡೆಯುತ್ತಿದ್ದಾನೆ. ಈ ಕಡೆಗೂ ಒಮ್ಮೆ ಕಣ್ಣು ಹಾಯಿಸಬಾರದೇ?”

ಎಚ್ಚರವಾದ ಮೇಲೆ ಅವಳು ನಾಲ್ಕು ದಿನ ಆ ಗೂಡನ್ನು ಬಿಡದೆ ನೋಡಿದಳು. ನೀರು ಕುಡಿದ ಇಲಿಗಳ ಚಕ್ರವೂ ಮರಳಿತ್ತು. ವರ್ತಕನ ಬಳಿ ಓಡಿದಳು. ಅವನು ಅಷ್ಟರಲ್ಲಿ ಪೊಟ್ಟಣಗಳನ್ನು ಊರೂರಿಗೆ ಕಳಿಸಿಯಾಗಿತ್ತು.

ವಾರಿಜ ತನ್ನ ಕೈಯ ಪೊಟ್ಟಣ ನೋಡಿಕೊಂಡಳು. “ಹಾಗಾದರೆ ಕಷಾಯ ಬರೀ ಮೋಸವೇ?”

“ಯಾರಿಗೆ ಗೊತ್ತು? ಶಕ್ತಿ ಇದ್ದರೂ ಇರಬಹುದು. ಅವಳು ಮೊದಲಿಂದ ಶುರುಮಾಡಿದ್ದಾಳೆ. ಈ ಸಲ ರೋಗ ಬರಿಸುವ ಮಾತ್ರೆ ನಿಲ್ಲಿಸದೆ ಕಷಾಯ ಕೊಡುತ್ತಾಳೆ, ಎರಡೂ ಗೂಡು ನೋಡುತ್ತಾಳೆ. ಇನ್ನೂ ಚಂದ್ರನನ್ನು ಎಣಿಸುತ್ತಿದ್ದಾಳೆ.”

“ಅಲ್ಲಿಯವರೆಗೆ ನಾನು?”

“ಮಾತ್ರೆ ಕೊಟ್ಟು ಇಲಿಯ ಚಂದ್ರನನ್ನು ಹಿಡಿದಿದ್ದ ಕೈ ಅವಳದೇ, ಮಾತ್ರೆ ನಿಲ್ಲಿಸಿ ಬಿಟ್ಟದ್ದೂ ಅವಳೇ. ನಿನ್ನ ಚಂದ್ರನನ್ನು ಹಿಡಿದದ್ದು ಯಾರೆಂದು ಈ ಪೊಟ್ಟಣಕ್ಕೆ ಗೊತ್ತೇನಮ್ಮ?”

ವಾರಿಜ ಪೊಟ್ಟಣವನ್ನು ಬೆಂಚಿನ ಮೇಲಿಟ್ಟು, ಚೀಲದಿಂದ ಡಾಕ್ಟರ ಮಾತ್ರೆ ತೆಗೆದಳು.

ಗುರು ನೀರಿನ ಲೋಟವನ್ನು ಅವಳತ್ತ ಸರಿಸಿದರು. “ನೀರು ನನ್ನ ಲೆಕ್ಕ. ಚಹಾದ ದುಡ್ಡು ನೀನು ಕೊಡು.”