ಕಂಬದ ಹಿಂದಿನ ಸೀಟು

ಹಳೇ ಕಟ್ಟಡಗಳಿಗೆ ಮರುಜೀವ ಕೊಡುವುದರಲ್ಲಿ ಜಿನದತ್ತಯ್ಯ ಮೇಷ್ಟ್ರದು ಎತ್ತಿದ ಕೈ. ಅವರ ಹತ್ತಿರ ಪಳಗಿದ ತಾರಿಣಿಗೆ ಮೊದಲ ಸ್ವಂತ ಕೆಲಸ ಸಿಕ್ಕಿತ್ತು. ರೇಸ್‌ಕೋರ್ಸಿನ ಹಳೇ ಗ್ಯಾಲರಿಯ ದುರಸ್ತಿ.

ವಿಕ್ಟೋರಿಯಾ ರಾಣಿಯ ಕಾಲದ್ದು ಅದು. ಮೆಟ್ಟಿಲು ಮೆಟ್ಟಿಲಾಗಿ ಏರುವ ಮರದ ಬೆಂಚುಗಳು, ಸೂರಿನಂಚಿಗೆ ಮರದ ಜಾಲರಿ, ಅಷ್ಟನ್ನೂ ಹೊತ್ತು ನಿಂತ ಎರಕದ ಕಬ್ಬಿಣದ ಕಂಬಗಳು.

ತಾರಿಣಿ ನಕ್ಷೆ ಬಿಚ್ಚಿ ಮೇಷ್ಟ್ರ ಮುಂದೆ ಕೂತಳು.

"ಮೇಷ್ಟ್ರೇ, ಮುಂದಿನ ಸಾಲಿನ ಕಂಬಗಳನ್ನ ತೆಗೆದುಬಿಡ್ತೀನಿ. ಕುದುರೆ ನೋಡೋಕೆ ಅಡ್ಡ."

"ಚಾವಣಿ ಹೊರೋರು ಯಾರು?"

"ಉಕ್ಕಿನ ತೊಲೆ ಹಾಕ್ತೀನಿ."

"ಮಳೆನೀರು ಆ ಕಂಬಗಳ ಹೊಟ್ಟೆಯೊಳಗೇ ಅಲ್ವೇನಮ್ಮ ಇಳಿಯೋದು?"

"ಬೇರೆ ಪೈಪು ತೋರಿಸಿದೀನಿ, ನೋಡಿ."

ಎಲ್ಲಕ್ಕೂ ಟಕ್ಕಂತ ಉತ್ತರ. ಮೇಷ್ಟ್ರ ಮುಖದಲ್ಲಿ ಹೆಮ್ಮೆಯೇನೋ ಕಂಡಿತು. ಸಹಿ ಮಾತ್ರ ಬೀಳಲಿಲ್ಲ.

ತಾರಿಣಿ ಪೆನ್ನನ್ನು ಅವರತ್ತ ಸರಿಸಿದಳು. ಆ ಸಹಿ ಇಲ್ಲದೆ ರೇಸ್ ಕ್ಲಬ್ಬಿನವರು ನಕ್ಷೆ ಮುಟ್ಟುವುದಿಲ್ಲ, ಕೆಲಸ ಬೇರೆಯವರ ಪಾಲಾಗುತ್ತದೆ. ಅದೂ ಹೋಗಲಿ, ಮೇಷ್ಟ್ರ ಬಾಯಿಂದ ಒಂದು 'ಭೇಷ್' ಕೇಳಬೇಕೆಂದು ಅವಳಿಗೆ ತುಂಬಾ ಆಸೆಯಿತ್ತು.

"ಎಲ್ಲಿ ತಪ್ಪಿದೆ, ಹೇಳಿಬಿಡಿ."

"ಅಲ್ಲಿ ಕೂತು ರೇಸ್ ನೋಡಿದೀಯೇನೇ?"

"ನೋಡೋದೇನು, ಮೂಲೆಮೂಲೆ ಅಳತೆ ತೊಗೊಂಡಿದೀನಿ!"

"ಸರಿ, ರೇಸಿನ ದಿನ ಹೋಗೋಣ. ಕಡಲೆಕಾಯಿ ನಾನು ತರ್ತೀನಿ."

ಹೋದರು. ಮೇಷ್ಟ್ರು ತಾವು ಒಳ್ಳೇ ಜಾಗ ಹಿಡಿದು, ಶಿಷ್ಯೆಯನ್ನು ಸರಿಯಾಗಿ ಕಂಬದ ಹಿಂದೆ ಕೂರಿಸಿದರು. ಎಂಥಾ ಮನುಷ್ಯ ನೋಡಿ!

"ಮೇಷ್ಟ್ರೇ, ನಂಗೇನೂ ಕಾಣ್ತಿಲ್ಲ!"

"ಹ್ಞೂಂ," ಎಂದು ಅವರು ಕಡಲೆಕಾಯಿ ಸುಲಿದರು.

ಕುದುರೆಗಳು ಹೊರಟವು. ನೋಡುವ ಆತುರಕ್ಕೆ ತಾರಿಣಿ ಪಕ್ಕಕ್ಕೆ ವಾಲಿದಳು. ಅಲ್ಲಿದ್ದ ಅಪರಿಚಿತ ಅಜ್ಜಿಯ ಭುಜಕ್ಕೆ ತಲೆ ತಗುಲಿತು.

"ಅಯ್ಯೋ, ಕ್ಷಮಿಸಿ ಅಜ್ಜಿ."

"ಒರಗ್ಕೊಳವ್ವ, ಈ ಸೀಟಲ್ಲಿ ಕೂತೋರೆಲ್ಲ ಹಿಂಗೇಯ. ನಮ್ ಯಜಮಾನ್ರೂ ಹಿಂಗೇ ವಾಲಿದ್ರು. ಆಗಿನ್ನೂ ಅವರ್ ಹೆಸ್ರೇ ನಂಗೆ ಗೊತ್ತಿರ್ಲಿಲ್ಲ."

ತಾರಿಣಿಗೆ ನಗು ತಡೆಯಲಾಗಲಿಲ್ಲ.

"ಕಂಬದ ಆ ಕಡೆ ನಾನು ನೋಡ್ತೀನಿ, ಈ ಕಡೆ ನೀನು ನೋಡಿ ಹೇಳು. ಬಿಳೀ ಕಾಲಿನ ಕುದುರೆ ನಮ್ದು," ಎಂದಳು ಅಜ್ಜಿ.

ಕೊನೇ ತಿರುವು. ಜನ ಧಡಕ್ಕನೆ ಎದ್ದರು, ಕಾಲಡಿಯ ಹಲಗೆಗಳು ನಡುಗಿದವು. ತಾರಿಣಿ ಬೆಂಚಿನ ಮೇಲೇ ಹತ್ತಿದಳು.

"ಬಂತು ಅಜ್ಜೀ, ನಮ್ದು ಬಂತು!" ಗಂಟಲು ಹರಿಯುವಂತೆ ಕೂಗಿದಳು.

ಬಿಳೀ ಕಾಲಿನ ಕುದುರೆ ಕೂದಲೆಳೆಯಲ್ಲಿ ಸೋತಿತು. ಅಜ್ಜಿ ಅದನ್ನೇನೂ ಮನಸ್ಸಿಗೆ ಹಚ್ಚಿಕೊಳ್ಳದೆ ಪೊಟ್ಟಣದಿಂದ ಒಂದು ಬೆಲ್ಲದ ಚೂರು ತೆಗೆದು ಅವಳ ಬಾಯಿಗಿಟ್ಟಳು.

ಗದ್ದಲ ಇಳಿಯಿತು. ತಾರಿಣಿಗೆ ತಾನು ಬಂದ ಕೆಲಸ ಆಗ ನೆನಪಾಯಿತು. ಏದುಸಿರಿನಲ್ಲೇ ಮೇಷ್ಟ್ರ ಕಡೆ ತಿರುಗಿದಳು.

"ಮೇಷ್ಟ್ರೇ, ಇನ್ನಾದ್ರೂ ಹೇಳಿ. ಈ ಕಂಬ ತೆಗೀಲಾ, ಬೇಡ್ವಾ?"

ಮೇಷ್ಟ್ರು ಬೆಂಚಿನ ಮೇಲೆ ನಿಂತ ಶಿಷ್ಯೆಯನ್ನು ಅಕ್ಕರೆಯಿಂದ ನೋಡಿದರು. ಅವಳ ಒಂದು ಕೈ ಅಜ್ಜಿಯ ಹೆಗಲ ಮೇಲಿತ್ತು. ಇನ್ನೊಂದು ತೋಳಿನಲ್ಲಿ ಕಂಬವನ್ನು ಬಿಗಿಯಾಗಿ ತಬ್ಬಿಕೊಂಡಿದ್ದಳು. ಅಲ್ಲಿ ಕಂಬದ ಬಣ್ಣ ಯಾರ್ಯಾರದೋ ತೋಳು ತಾಗಿ ಮೊದಲೇ ಸವೆದುಹೋಗಿತ್ತು.

"ತೆಗಿಯಮ್ಮ, ಬೇಡ ಅಂದೋರ್ಯಾರು? ಮೊದಲು ನೀನು ಅದನ್ನ ಬಿಡು."